ಗುಡ್ಡ ಎದ್ದಿತಾ?

ಸರಕಾರ ನನಗೆ ಸಂಬಳ ಕೊಡುತ್ತಿದ್ದದ್ದು ನನ್ನ ಎರಡು ಕಣ್ಣುಗಳಿಗೆ. ದೆಹಲಿಯಲ್ಲಿ ನಕಾಶೆ ತಯಾರಿಸುವ ಒಂದು ಕೇಂದ್ರ ಸರಕಾರಿ ಕಚೇರಿಯಲ್ಲಿ ವಿಮಾನದಿಂದ ತೆಗೆದ ಫೋಟೋಗಳನ್ನು ಓದುವುದು ನನ್ನ ಕೆಲಸವಾಗಿತ್ತು. ಊರಿನ ಮದುವೆಗಳಲ್ಲಿ ಯಾರಾದರೂ "ದಿಲ್ಲೀಲಿ ಏನು ಕೆಲಸ ಮಾಡ್ತೀಯಮ್ಮ?" ಎಂದು ಕೇಳಿದರೆ "ಫೋಟೋ ನೋಡ್ತೀನಿ" ಎನ್ನುತ್ತಿದ್ದೆ. "ಓ, ಸ್ಟುಡಿಯೋನಾ?" ಎಂದು ಅವರು ಕೇಳುವುದು, ನನಗೆ ರೇಗುವುದು, ನನ್ನ ಗಂಡ ನಡುವೆ ಬಾಯಿ ಹಾಕಿ "ಹೌದು, ಭೂಮಿತಾಯಿಯ ಪಾಸ್‌ಪೋರ್ಟ್ ಸೈಜ್ ಫೋಟೋ" ಎನ್ನುವುದು, ಇದು ಪ್ರತಿ ಮದುವೆಯಲ್ಲೂ ನಡೆಯುತ್ತಿತ್ತು.

ಕೆಲಸ ಹೇಳಿದರೆ ಸುಲಭ. ವಿಮಾನ ನೇರ ಗೆರೆಯಲ್ಲಿ ಹಾರುತ್ತಾ ಹೊಟ್ಟೆಯ ಕೆಳಗಿನ ಕ್ಯಾಮೆರಾದಿಂದ ಒಂದಾದ ಮೇಲೊಂದು ಚಿತ್ರ ತೆಗೆಯುತ್ತದೆ. ಮೊದಲ ಚಿತ್ರದಲ್ಲಿದ್ದ ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಎರಡನೆಯದರಲ್ಲೂ ಇರುತ್ತದೆ, ಆದರೆ ಸ್ವಲ್ಪ ಮುಂದಿನ ಜಾಗದಿಂದ ಕಂಡಂತೆ. ಆ ಎರಡನ್ನೂ ಪಕ್ಕಪಕ್ಕ ಇಟ್ಟು, ಸ್ಟೀರಿಯೋಸ್ಕೋಪ್ ಎಂಬ ಜೋಡಿ ಮಸೂರದ ಸಲಕರಣೆಯಲ್ಲಿ ಕಣ್ಣಿಡಬೇಕು. ಎಡಗಣ್ಣಿಗೆ ಎಡ ಚಿತ್ರ, ಬಲಗಣ್ಣಿಗೆ ಬಲ ಚಿತ್ರ. ಒಂದು ಕ್ಷಣ ಎರಡೂ ಜಗಳವಾಡುತ್ತವೆ. ಆಮೇಲೆ ಇದ್ದಕ್ಕಿದ್ದಂತೆ ಒಂದಾಗಿ, ಚಪ್ಪಟೆ ಕಾಗದದಿಂದ ಗುಡ್ಡ ಮೇಲಕ್ಕೇಳುತ್ತದೆ, ಬಾವಿ ಕೆಳಕ್ಕಿಳಿಯುತ್ತದೆ, ನೀರಿನ ಟ್ಯಾಂಕು ಕಾಲಮೇಲೆ ನಿಲ್ಲುತ್ತದೆ. ನಮ್ಮ ಕಚೇರಿಯಲ್ಲಿ ಬೆಳಿಗ್ಗೆ ನಮಸ್ಕಾರಕ್ಕಿಂತ ಹೆಚ್ಚು ಕೇಳುತ್ತಿದ್ದ ಮಾತು "ಉಠಾ ಕ್ಯಾ?" ಅಂದರೆ, ಎದ್ದಿತಾ? ಎದ್ದರೆ ಕೆಲಸ ಶುರು. ಏಳದಿದ್ದರೆ ಚಹಾ.

ನಮ್ಮ ಶತ್ರು ಗಾಳಿ. ಜನ ಅಂದುಕೊಳ್ಳುತ್ತಾರೆ, ವಿಮಾನದ ಕ್ಯಾಮೆರಾ ನೆಲದ ಫೋಟೋ ತೆಗೆಯುತ್ತದೆ ಎಂದು. ಅದು ಮೊದಲು ತೆಗೆಯುವುದು ನಡುವೆ ಇರುವ ಗಾಳಿಯ ಫೋಟೋ. ಗಾಳಿ ಬಿಟ್ಟುಕೊಟ್ಟಷ್ಟು ಮಾತ್ರ ನೆಲ. ದೆಹಲಿಯ ಗಾಳಿಯೋ, ಬೇಸಿಗೆಯಲ್ಲಿ ರಾಜಸ್ಥಾನದ ಧೂಳು ಹೊತ್ತು ತರುತ್ತದೆ, ಚಳಿಗಾಲದಲ್ಲಿ ಮಂಜನ್ನು ಹೊದ್ದು ಮಲಗುತ್ತದೆ, ದೀಪಾವಳಿ ಹತ್ತಿರ ಬಂದರೆ ಹೊಗೆ. ಮಳೆ ನಿಂತ ಮೇಲಿನ ಕೆಲವು ವಾರಗಳಷ್ಟೇ ನಮ್ಮ ಹಬ್ಬ. ಮಬ್ಬು ಕವಿದ ಫೋಟೋ ಬಂದ ದಿನ ನಾನು ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿ ಇಡುತ್ತಿದ್ದೆ. "ಗಾಳಿ ಇಲ್ಲದಿದ್ರೆ ನಿನ್ನ ವಿಮಾನ ಹಾರೋದು ಹೇಗೆ ಮಾರಾಯ್ತಿ?" ಎಂದು ಗಂಡ ಕೇಳುತ್ತಿದ್ದರು. ಅವರು ಒಂದು ಸಚಿವಾಲಯದಲ್ಲಿ ಫೈಲುಗಳ ನಡುವೆ ಕೂತು ಕೂತು ಎಲ್ಲದಕ್ಕೂ ಎರಡು ಬದಿ ಇದೆ ಎಂದು ನಂಬಿದ್ದ ಸಮಾಧಾನಿ. ನನಗೆ ಒಂದೇ ಬದಿ, ಅದು ನನ್ನದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ವಿಭಾಗದ ಹಿರಿಯರೊಬ್ಬರು ಕಲಿಸಿದ್ದು ಒಂದು ವಿಚಿತ್ರ ಪದ್ಧತಿ. ನಾವು ಫೋಟೋಗಳನ್ನು ತಲೆಕೆಳಗಾಗಿ, ದಕ್ಷಿಣವನ್ನು ಮೇಲಿಟ್ಟು ನೋಡುತ್ತಿದ್ದೆವು. ನಮ್ಮ ದೇಶದಲ್ಲಿ ಸೂರ್ಯ ಹೆಚ್ಚಾಗಿ ದಕ್ಷಿಣದ ಕಡೆ ಇರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಶಾಲೆಯ ನಕಾಶೆಯ ಹಾಗೆ ಉತ್ತರ ಮೇಲಿಟ್ಟರೆ ನೆರಳು ನಮ್ಮಿಂದ ದೂರಕ್ಕೆ ಬಿದ್ದು, ಮೆದುಳು ಮೋಸಹೋಗಿ ಗುಡ್ಡವನ್ನು ಗುಂಡಿ ಮಾಡಿಬಿಡುತ್ತದೆ. ನೆರಳು ನೋಡುವವರ ಕಡೆಗೆ ಬೀಳಬೇಕು. ಎಡಬಲ ಅದಲುಬದಲಾದರೂ ಅದೇ ಗತಿ: ಗುಡ್ಡ ಗುಂಡಿಯಾಗುತ್ತದೆ, ನದಿ ಬೆಟ್ಟದ ನೆತ್ತಿಯ ಮೇಲೆ ಹರಿಯುತ್ತದೆ. ಹೊಸಬರು ಬಂದಾಗ ಹಳಬರು ಬೇಕೆಂದೇ ಎರಡು ಫೋಟೋ ಅದಲುಬದಲು ಮಾಡಿಟ್ಟು "ಈ ನದಿ ಯಾವ ಕಡೆ ಹರಿಯುತ್ತೆ ಹೇಳಿ" ಎಂದು ಕೇಳುವುದು ನಮ್ಮಲ್ಲಿನ ರ‍್ಯಾಗಿಂಗ್. ನಾನೂ ಬಿದ್ದಿದ್ದೆ, ಆಮೇಲೆ ಬೇಕಾದಷ್ಟು ಜನರನ್ನು ಬೀಳಿಸಿದೆ.

ದಕ್ಷಿಣ ಮೇಲಿರುವುದು ನನಗಂತೂ ಬಹಳ ಹಿಡಿಸಿತು. ಕರ್ನಾಟಕ ಮೇಲೆ, ದೆಹಲಿ ಕೆಳಗೆ, ಇರಬೇಕಾದದ್ದೇ ಹಾಗೆ! ಈ ಅಭ್ಯಾಸ ಎಷ್ಟು ಅಂಟಿಕೊಂಡಿತೆಂದರೆ, ಮಗಳಿಗೆ ಶಾಲೆಯ ಮನೆಪಾಠಕ್ಕೆ ಭಾರತದ ನಕ್ಷೆ ಬರೆದುಕೊಡುವಾಗ ಕನ್ಯಾಕುಮಾರಿಯನ್ನು ತುದಿಯಲ್ಲಿ ಬರೆದುಕೊಟ್ಟೆ. ಅವಳು ಹಿಮಾಲಯಕ್ಕೆ ಕೆಳಗಡೆ ಬಿಳಿ ಬಣ್ಣ ಹಚ್ಚಿಕೊಂಡು ಹೋದಳು. ಟೀಚರ್ ಕರೆಸಿದರು. ನಾನು ಭೂಮಿಗೆ ಮೇಲೆ ಕೆಳಗೆ ಇಲ್ಲ ಎಂದು ಅವರಿಗೇ ಪಾಠ ಮಾಡಿ ಬಂದೆ. ಗಂಡ ಮರುದಿನ ಹೋಗಿ ಕ್ಷಮೆ ಕೇಳಿ ಬಂದರೆಂದು ತಿಂಗಳ ಮೇಲೆ ಗೊತ್ತಾಯಿತು.

ಆಗ ನಾವು ಕಿದ್ವಾಯಿ ನಗರದ ಸರಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ಊರು ತುಂಬ ಮೆಟ್ರೋಗೆ ಅಗೆಯುತ್ತಿದ್ದರು, ಬಸ್ಸುಗಳು ಸಿಎನ್‌ಜಿಗೆ ಬದಲಾಗಿದ್ದವು. ನಮ್ಮ ಒಬ್ಬಳೇ ಮಗಳಿಗೆ ಏಳು ವರ್ಷ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಲ್ಲಿ ಮಾತ್ರ ಅರ್ಧ ಹಿಂದಿ. ಲೋಟದ ಪಕ್ಕಕ್ಕೆ ನೀರು ಸುರಿಯುವುದು, ಎಸೆದ ಚೆಂಡು ಮೂಗಿಗೆ ಬಡಿದ ಮೇಲೆ ಕೈ ಎತ್ತುವುದು, ಮೆಟ್ಟಿಲನ್ನು ಗೋಡೆ ಹಿಡಿದು ಇಳಿಯುವುದು ಅವಳ ಸ್ವಭಾವ ಎಂದುಕೊಂಡಿದ್ದೆವು. "ಅಪ್ಪನ ಹಾಗೆ, ಗಮನ ಎಲ್ಲೋ ಇರುತ್ತೆ" ಎಂದು ನಾನು, "ಅಮ್ಮನ ಹಾಗೆ, ಅವಸರ" ಎಂದು ಅವರು. ಟೆರೇಸಿಗೆ ಕರೆದುಕೊಂಡು ಹೋದರೆ ಮಾತ್ರ ಯಾವುದು ಹತ್ತಿರ, ಯಾವುದು ದೂರ ಎಂದು ಸರಿಯಾಗಿ ಹೇಳುತ್ತಿದ್ದಳು. "ಹೇಗೆ ಗೊತ್ತಾಯ್ತು ಪುಟ್ಟಿ?" ಎಂದರೆ, "ಜೋ ಮೈಲಾ ದಿಖ್ತಾ ಹೈ ವೋ ದೂರ್ ಇರತ್ತೆ" ಎನ್ನುತ್ತಿದ್ದಳು. ಮಾಸಲಾಗಿ ಕಾಣುವುದೇ ದೂರ. ಗಾಳಿಯ ಮಬ್ಬು ನೋಡಿ ದೂರ ಅಳೆಯುತ್ತಾಳೆ, ನನ್ನ ಮಗಳಲ್ಲವೇ ಎಂದು ನಾನು ಉಬ್ಬಿಹೋಗಿದ್ದೆ.

ಕಚೇರಿಯ ಫೋಟೋಗಳು ಬಾಗಿಲು ದಾಟಿ ಹೊರಗೆ ಬರುವಂತಿರಲಿಲ್ಲ. ಆದರೆ ತರಬೇತಿಯ ಕಾಲದ ಒಂದು ಹಳೆಯ ಅಚ್ಚಿನ ಹಾಳೆ ಮನೆಯಲ್ಲಿತ್ತು. ಯಾವುದೋ ಪರದೇಶದ ಗುಡ್ಡದ ಜೋಡಿ ಚಿತ್ರ, ಜೊತೆಗೆ ಮಡಿಸಿ ಜೇಬಿಗೆ ಹಾಕಬಹುದಾದ ಚಿಕ್ಕ ಸ್ಟೀರಿಯೋಸ್ಕೋಪ್. ಚಳಿಗಾಲದ ಒಂದು ಭಾನುವಾರ ಬಿಸಿಲಿಗೆ ಚಾಪೆ ಹಾಸಿಕೊಂಡು ಕೂತಿದ್ದಾಗ ಮಗಳಿಗೆ ನನ್ನ ಮ್ಯಾಜಿಕ್ ತೋರಿಸೋಣ ಎನ್ನಿಸಿತು. ಹಾಳೆ ಇಟ್ಟು, ಅವಳ ಮೂಗು ಸರಿಯಾಗಿ ಕೂರಿಸಿ, "ಎದ್ದಿತಾ?" ಎಂದೆ.

"ನಹೀಂ ಉಠಾ."

"ತಾಳು, ಸುಮ್ಮನೆ ನೋಡ್ತಾ ಇರು. ಎದ್ದಿತಾ?"

"ಏನು ಏಳಬೇಕು ಅಮ್ಮ?"

ನಮ್ಮ ಕಸುಬಿನವರು ಮಾಡುವ ತಪ್ಪನ್ನೇ ನಾನೂ ಮಾಡಿದೆ. ಗುಡ್ಡ ಏಳದಿದ್ದರೆ ನಾವು ಮೊದಲು ಬೈಯುವುದು ಫೋಟೋವನ್ನು. ಹಾಳೆ ತಿರುಗಿಸಿ ದಕ್ಷಿಣ ಮೇಲೆ ಮಾಡಿದೆ. ಮಸೂರ ಸೆರಗಿನಿಂದ ಒರೆಸಿದೆ. ಮಕ್ಕಳ ಕಣ್ಣುಗಳ ನಡುವಿನ ಅಂತರ ಕಡಿಮೆ ಎಂದು ಮಸೂರಗಳನ್ನು ಹತ್ತಿರ ಸರಿಸಿದೆ. ಬಿಸಿಲಿನ ದಿಕ್ಕಿಗೆ ಚಾಪೆಯನ್ನೇ ಎಳೆದೆ. ಚಾಪೆಯ ಮೇಲೆ ಪೇಪರ್ ಓದುತ್ತಿದ್ದ ಗಂಡ ಚಾಪೆಯ ಜೊತೆ ಬಂದರು. ಕೊನೆಗೆ, ಕೆಲಸಕ್ಕೆ ಹೊಸದಾಗಿ ಬಂದವರಿಗೆ ಹೇಳುವ ಹಾಗೆ, "ಬಲಗಣ್ಣು ಮುಚ್ಚು. ಎಡಗಡೆ ಏನು ಕಾಣತ್ತೆ ಹೇಳು" ಎಂದೆ.

ಅವಳು ಕೈಯಿಂದ ಬಲಗಣ್ಣು ಮುಚ್ಚಿದಳು. "ಕುಛ್ ನಹೀಂ. ಬೂದು ಬೂದು."

"ಗುಡ್ಡ ಕಾಣಲ್ವಾ? ರಸ್ತೆ?"

"ಈ ಕಣ್ಣಲ್ಲಿ ಯಾವಾಗಲೂ ಹೀಗೇ ಅಮ್ಮ," ಎಂದಳು, ಎಲ್ಲರ ಒಂದು ಕಣ್ಣು ಹಾಗೇ ಇರುತ್ತದೆ ಎಂಬಂತೆ. ಗಂಡ ಪೇಪರ್ ಕೆಳಗಿಟ್ಟು ಅವಳ ಮುಂದೆ ಬೆರಳು ಹಿಡಿದು ಎಷ್ಟು ಎಂದು ಕೇಳುತ್ತಿದ್ದರೆ, ಅವಳು ಅದೊಂದು ಆಟವೆಂದು ನಗುತ್ತಾ ತಪ್ಪು ಹೇಳುತ್ತಿದ್ದಳು.

ಕಣ್ಣಿನ ಡಾಕ್ಟರು ವಯಸ್ಸಾದ ಹೆಂಗಸು, ಮಾತು ಕಡಿಮೆ. ಎಡಗಣ್ಣಿನ ನಂಬರು ಹುಟ್ಟಿನಿಂದಲೇ ಬಹಳ ಹೆಚ್ಚು, ಹಾಗಾಗಿ ಮೆದುಳು ಆ ಕಣ್ಣಿನ ಮಾತು ಕೇಳುವುದನ್ನೇ ಬಿಟ್ಟಿದೆ ಎಂದರು. ಕನ್ನಡಕ ಹಾಕಿಸಬೇಕು, ಚೆನ್ನಾಗಿರುವ ಬಲಗಣ್ಣಿಗೆ ದಿನವೂ ಪಟ್ಟಿ ಅಂಟಿಸಿ ಸೋಮಾರಿ ಕಣ್ಣಿನಿಂದ ದುಡಿಸಬೇಕು. ಇನ್ನೂ ಕೆಲವು ವರ್ಷ ತಡವಾಗಿದ್ದರೆ ಕಷ್ಟವಿತ್ತಂತೆ. ಆಮೇಲೆ ದೊಡ್ಡ ಕಪ್ಪು ಕನ್ನಡಕ ಹಾಕಿಸಿ, ಒಂದು ನೊಣದ ಚಿತ್ರ ಮುಂದಿಟ್ಟು, ಅದರ ರೆಕ್ಕೆ ಹಿಡಿ ಎಂದರು. ಎರಡು ಕಣ್ಣೂ ಒಟ್ಟಿಗೆ ಕೆಲಸ ಮಾಡುವವರಿಗೆ ಆ ರೆಕ್ಕೆ ಕಾಗದದಿಂದ ಮೇಲೆದ್ದು ಕಾಣುತ್ತದೆ, ಅವರ ಬೆರಳು ಗಾಳಿಯಲ್ಲೇ ನಿಲ್ಲುತ್ತದೆ. ಮಗಳು ಬೆರಳನ್ನು ಸೀದಾ ಕಾಗದಕ್ಕೆ ಒತ್ತಿದಳು.

"ದೃಷ್ಟಿ ಬರುತ್ತೆ," ಎಂದರು ಡಾಕ್ಟರು, "ಆದರೆ ಎರಡೂ ಕಣ್ಣು ಜೊತೆಯಾಗಿ ನೋಡುವುದು, ಅದನ್ನು ನಾನು ಪ್ರಾಮಿಸ್ ಮಾಡಲಾರೆ."

ನನಗೆ ಬೇಕಾಗಿದ್ದದ್ದೇ ಅದು. ಅದಿಲ್ಲದೆಯೂ ಜನ ಓದುತ್ತಾರೆ, ಕೆಲಸ ಮಾಡುತ್ತಾರೆ, ಸುಖವಾಗಿರುತ್ತಾರೆ ಎಂದು ಗಂಡ ಮನೆಗೆ ಬರುವ ದಾರಿಯುದ್ದಕ್ಕೂ ಹೇಳಿದರು. ಅವರು ಹೇಳಿದ್ದು ನಿಜವೇ. ಆದರೆ ಚಪ್ಪಟೆಯಾಗಿದ್ದದ್ದು ಏಳುವ ಆ ಕ್ಷಣದಿಂದಲೇ ಅನ್ನ ತಿನ್ನುತ್ತಿದ್ದವಳು ನಾನು. ಭೂಮಿ ಏಳುವುದನ್ನು ಸಾವಿರಾರು ಸಲ ನೋಡಿದ ಮೇಲೂ ನನಗೆ ಬೇಜಾರು ಬಂದಿರಲಿಲ್ಲ. ನನ್ನ ಮಗಳಿಗೆ ಇಡೀ ಜಗತ್ತು ಗೋಡೆಗೆ ಅಂಟಿಸಿದ ಕ್ಯಾಲೆಂಡರಿನಂತೆ ಕಾಣುತ್ತಿದೆ ಎಂಬುದನ್ನು ನನ್ನಿಂದ ಸಹಿಸಲಾಗಲಿಲ್ಲ. "ನಿಮಗೆ ಗೊತ್ತಾಗಲ್ಲ ಬಿಡಿ ರೀ," ಎಂದು ಆಟೋದಲ್ಲೇ ಅತ್ತೆ.

ಪಟ್ಟಿಯ ದಿನಗಳು ಶುರುವಾದವು. ಶಾಲೆಯಿಂದ ಬಂದು ಊಟವಾದ ಮೇಲೆ ಬಲಗಣ್ಣಿಗೆ ಪಟ್ಟಿ. ಮೊದಲ ವಾರ ಅವಳು ಕಿತ್ತೆಸೆಯುವುದು, ನಾನು ಗದರುವುದು, ಇಬ್ಬರೂ ಅಳುವುದು. ಆಗ ಗಂಡ ಒಂದು ಭಾನುವಾರ ತಾವೂ ಒಂದು ಕಣ್ಣಿಗೆ ಪಟ್ಟಿ ಅಂಟಿಸಿಕೊಂಡು ಊಟಕ್ಕೆ ಕೂತರು. ಅನ್ನಕ್ಕೆ ಹಾಕಬೇಕಾದ ಹುಳಿ ಪಂಚೆಗೆ ಹಾಕಿಕೊಂಡರು. ಬೇಕೆಂದೇ ಹಾಕಿಕೊಂಡರೋ ನಿಜವಾಗಿ ತಪ್ಪಿತೋ ಇವತ್ತಿಗೂ ಒಪ್ಪಿಕೊಂಡಿಲ್ಲ. ಮಗಳು ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಲೋಟ ಹಿಡಿಯೋಕೆ ಮೊದಲು ಮೇಜು ಮುಟ್ಟಬೇಕು, ಆಮೇಲೆ ಮೆಲ್ಲಗೆ ಮುಂದೆ ಹೋಗಬೇಕು, ಸಮ್‌ಝೇ?" ಎಂದು ಪಾಠ ಹೇಳಿಕೊಟ್ಟಳು. ಅವಳು ಇಷ್ಟು ವರ್ಷ ಹೇಗೆ ಬದುಕಿದ್ದಳೆಂದು ನಮಗೆ ಆಗ ತಿಳಿಯಿತು. ಆಮೇಲೆ ಪಟ್ಟಿಗೆ ತಕರಾರು ಬರಲಿಲ್ಲ.

ಪಟ್ಟಿ ಇರುವಾಗ ಹತ್ತಿರದ, ಸೂಕ್ಷ್ಮವಾದ ಕೆಲಸ ಕೊಡಿ ಎಂದಿದ್ದರು ಡಾಕ್ಟರು. ದೆಹಲಿಯ ಚಳಿಗಾಲದಲ್ಲಿ ಬಟಾಣಿಗೆ ಬರವೇ? ಕಾಲೋನಿಯ ಹೆಂಗಸರೆಲ್ಲ ಬಿಸಿಲಿಗೆ ಕೂತು ಬಟಾಣಿ ಸುಲಿಯುವಾಗ ನಮ್ಮ ಒಕ್ಕಣ್ಣಿನ ಕಡಲ್ಗಳ್ಳಿಯೂ ತಟ್ಟೆ ಹಿಡಿದು ಕೂರುತ್ತಿದ್ದಳು. ಆ ವರ್ಷ ನಮ್ಮ ಮನೆಯ ಉಪ್ಪಿಟ್ಟಿನಲ್ಲಿ ರವೆಗಿಂತ ಬಟಾಣಿ ಹೆಚ್ಚು. ಬೇಸಿಗೆ ಬಂದಾಗ ಮಲ್ಲಿಗೆ ಮೊಗ್ಗು ತಂದು ಹೂ ಕಟ್ಟಲು ಕಲಿಸಿದೆ. ದಾರ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ನಾಲಗೆ ಹೊರಗೆ ಹಾಕಿ, ಒಂದೊಂದೇ ಮೊಗ್ಗು ಎಡಗಣ್ಣಿನಿಂದ ಹುಡುಕಿ ಕಟ್ಟುತ್ತಿದ್ದಳು. ಪಕ್ಕದ ಮನೆಯ ಪಂಜಾಬಿ ಆಂಟಿ ಮೊದಲ ಬಾರಿಗೆ ಹೂ ಮುಡಿದು ಕನ್ನಡಿ ಮುಂದೆ ನಿಂತದ್ದು ಅವಳ ಮಾಲೆಯಿಂದ. ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ಆದರೆ ಪಟ್ಟಿ ಬಿಚ್ಚಿದ ಕೂಡಲೇ ನಾನು ಗುಡ್ಡದ ಹಾಳೆ ತರುತ್ತಿದ್ದೆ. "ಎದ್ದಿತಾ?" "ಇಲ್ಲ ಅಮ್ಮ."

ಬೇಸಿಗೆ ರಜೆಯಲ್ಲಿ ಡಾಕ್ಟರು ಮತ್ತೆ ನೋಡಿದರು. ಎಡಗಣ್ಣು ಗೋಡೆಯ ಅಕ್ಷರಗಳನ್ನು ಕೆಳಗಿನ ಸಾಲುಗಳವರೆಗೂ ಓದಿತು. ನಾನು ನೊಣದ ಚಿತ್ರಕ್ಕೆ ಕಾದೆ. ಬೆರಳು ಸೀದಾ ಕಾಗದಕ್ಕೆ ಹೋಯಿತು. "ಇಷ್ಟು ಬಂದದ್ದೇ ದೊಡ್ಡದು," ಎಂದರು ಡಾಕ್ಟರು. ಮುಂದಿನದ್ದು ಬಂದರೂ ಬರಬಹುದು, ಬರದೆಯೂ ಇರಬಹುದು, ನೀವು ಅದನ್ನೇ ನೋಡುತ್ತಾ ಕೂರಬೇಡಿ ಎಂದು ನನ್ನ ಮುಖ ನೋಡಿ ಸೇರಿಸಿದರು.

ಆ ವಾರದಲ್ಲೇ ಒಂದು ಸಂಜೆ ಮಗಳು ತಾನಾಗಿ ಸ್ಟೀರಿಯೋಸ್ಕೋಪ್ ತಂದು ನನ್ನ ಮುಂದೆ ಬಿಚ್ಚಿದಳು. ಕಣ್ಣಿಟ್ಟು, "ಅಮ್ಮಾ! ಎದ್ದಿತು! ಇಷ್ಟೆತ್ತರ!" ಎಂದು ಕೈ ಮೇಲೆತ್ತಿ ತೋರಿಸಿದಳು. ನಾನು ಅವಳನ್ನು ಬಾಚಿ ತಬ್ಬಿಕೊಂಡೆ. ಆದರೆ ಹಾಳಾದ್ದು ಕಸುಬಿನ ಅಭ್ಯಾಸ, ಎಲ್ಲಿ ಬಿಡುತ್ತದೆ? ಅಚ್ಚಿನ ಆ ಹಾಳೆಯ ಎರಡು ಚಿತ್ರಗಳನ್ನು, ಅವಳ ಕಣ್ಣಿಗೆ ಹೊಂದಿಸಲೆಂದು ನಾನು ಈ ನಡುವೆ ಕತ್ತರಿಸಿ ಬೇರೆ ಮಾಡಿದ್ದೆ. ಅವಳು ನೀರು ಕುಡಿಯಲು ಹೋದಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟೆ. ಈಗ ಅಲ್ಲಿ ಗುಡ್ಡ ಇರಬಾರದು, ಆಳವಾದ ಗುಂಡಿ ಇರಬೇಕು. "ಇನ್ನೊಂದು ಸಲ ನೋಡು ಪುಟ್ಟಿ."

ನೋಡಿದಳು. ತಲೆ ಎತ್ತಿ ನನ್ನ ಮುಖ ನೋಡಿದಳು, ಮತ್ತೆ ಮಸೂರಕ್ಕೆ ಬಗ್ಗಿದಳು. "ಗುಡ್ಡ ಇನ್ನೂ ಎತ್ತರ ಆಯ್ತು ಅಮ್ಮ. ಬಹುತ್ ಊಂಚಾ."

ನನಗೆ ಸಿಟ್ಟು ಬರಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವವಳು ನಾನು, ಆದರೂ ಬರಲಿಲ್ಲ. ಏಳು ವರ್ಷದ ಮಗು ನನ್ನ ಸಂತೋಷಕ್ಕೆಂದು ಒಂದು ಗುಡ್ಡವನ್ನು ತಾನೇ ಎತ್ತಿ ನಿಲ್ಲಿಸಿತ್ತು. "ಹೌದಾ ಬಂಗಾರ? ಸಾಕು, ಇನ್ನು ಇದನ್ನ ನೋಡೋದು ಬೇಡ," ಎಂದೆ. ಹಾಳೆ, ಮಸೂರ ಎರಡನ್ನೂ ಮರುದಿನ ಕಚೇರಿಗೆ ಒಯ್ದು, ಹೊಸದಾಗಿ ಸೇರಿದ್ದ ಹುಡುಗಿಗೆ ಅಭ್ಯಾಸಕ್ಕೆ ಕೊಟ್ಟುಬಿಟ್ಟೆ. ಗಂಡನಿಗೆ ಎಲ್ಲ ಹೇಳಿದಾಗ ಅವರು ಮಾರ್ಕೆಟ್ಟಿಗೆ ಹೋಗಿ ಮೂವರಿಗೂ ಕುಲ್ಫಿ ತಂದರು.

ಅಲ್ಲಿಂದ ಮುಂದೆ ನಾನು ಕೇಳಲಿಲ್ಲ. ಪಟ್ಟಿಯ ಹೊತ್ತು ಕಡಿಮೆಯಾಯಿತು, ಹೂ ಕಟ್ಟುವುದು ಹವ್ಯಾಸವಾಗಿ ಉಳಿಯಿತು. ಅವಳು ಓದುತ್ತಿದ್ದಳು, ಜಗಳವಾಡುತ್ತಿದ್ದಳು, ಮೆಟ್ಟಿಲಲ್ಲಿ ಗೋಡೆ ಹಿಡಿಯುತ್ತಿದ್ದಳು. ಗಂಡ ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳುವ ಹಂತಕ್ಕೆ ನಾನು ಬಂದಿದ್ದೆ. ಅವರಿಗೆ ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ಕಚೇರಿಗೆ ಉಪಗ್ರಹದ ಚಿತ್ರಗಳು ಬರತೊಡಗಿದ್ದವು. ಕಂಪ್ಯೂಟರ್ ಕಲಿಯಬೇಕಾಗಿ ಬಂದು ನನ್ನ ತಲೆ ಅದರಲ್ಲಿ ಚಿಟ್ಟು ಹಿಡಿದಿತ್ತು.

ಮಳೆಗಾಲ ಮುಗಿದ ಹೊಸದು. ರಾತ್ರಿ ಕೊನೆಯ ಮಳೆ ಹೊಡೆದು ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಶಾಲೆಯ ಬಸ್ಸು ನಿಲ್ಲುವಲ್ಲಿ, ಕಾಲೋನಿಯ ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ನಿಂತಿದ್ದೆವು. ಇಂಥ ದಿನ ವಿಮಾನ ಹಾರಿಸಿದರೆ ಎಂಥ ಫೋಟೋ ಬರುತ್ತದೆ ಎಂದು ನಾನು ಮೇಲೆ ನೋಡುತ್ತಿದ್ದೆ. ಮಗಳು ನನ್ನ ಕೈ ಬಿಟ್ಟು, ಕೆಳಕ್ಕೆ ಜೋತುಬಿದ್ದಿದ್ದ ಒಂದು ಕೊಂಬೆಯ ಮುಂದೆ ನಿಂತಿದ್ದಳು. ಯಾಕೋ ಬಹಳ ಹೊತ್ತಿನಿಂದ ಸದ್ದಿಲ್ಲ ಎಂದು ತಿರುಗಿದರೆ, ಬಾಯಿ ಸ್ವಲ್ಪ ತೆರೆದುಕೊಂಡು ತಲೆಯನ್ನು ಆ ಕಡೆ ಈ ಕಡೆ ಮಾಡುತ್ತಿದ್ದಳು.

"ಏನಾಯ್ತು? ಇರುವೆ ಕಚ್ಚಿತಾ?"

"ಅಮ್ಮಾ, ಎಲೆಗಳು ಅಲಗ್ ಅಲಗ್ ಇವೆ."

"ಬೇರೆ ಬೇರೆ ಅಂದ್ರೆ?"

"ಇದು ಇಲ್ಲಿ ಇದೆ. ಇದು ಅದರ ಹಿಂದೆ. ಇದು ನನ್ನ ಹತ್ತಿರ ಬಂದುಬಿಟ್ಟಿದೆ. ಬೀಚ್ ಮೇಂ, ನಡುವೆ, ಜಾಗ ಇದೆ ಅಮ್ಮಾ, ಖಾಲಿ ಜಾಗ." ಅವಳು ಬೆರಳನ್ನು ಮುಂದೆ ಚಾಚಿದಳು. ಅದು ಯಾವ ಎಲೆಗೂ ತಾಗದೆ, ಎರಡು ಎಲೆಗಳ ನಡುವೆ ಸರಿಯಾಗಿ ಒಳಗೆ ಹೋಯಿತು. ಮೊದಲಿನ ಹಾಗೆ ತಡಕಾಡಲಿಲ್ಲ. ಹೊರಗೆ ತೆಗೆದು ಮತ್ತೊಂದು ಸಂದಿಗೆ ಹಾಕಿದಳು. "ಪಹಲೇ ಯಾಕೆ ಹೀಗೆ ಇರಲಿಲ್ಲ? ರಾತ್ರಿ ಮಳೆ ಬಂದಿದ್ದಕ್ಕಾ?"

ನಾನು ಏನನ್ನೂ ಕೇಳಿರಲಿಲ್ಲ. ಅವಳು ನನ್ನ ಮುಖ ನೋಡುತ್ತಲೂ ಇರಲಿಲ್ಲ. ಅದು ನನಗೆ ಬೇಕಾಗಿದ್ದ ಉತ್ತರ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬಸ್ಸು ಬಂದು ಹಾರ್ನ್ ಹೊಡೆಯಿತು. ಡ್ರೈವರ್ ತಲೆ ಹೊರಗೆ ಹಾಕಿ "ಚಲೋ ಬೇಟಾ, ಜಲ್ದೀ" ಎಂದ. ಜ್ವರವಿದ್ದರೂ ಮಗಳನ್ನು ಶಾಲೆಗೆ ಅಟ್ಟುವ ತಾಯಿ ಎಂದು ಕಾಲೋನಿಯಲ್ಲೆಲ್ಲ ನನಗೆ ಹೆಸರಿತ್ತು. ಅವಳು ಕೊಂಬೆಯೊಳಗೆ ಮೊಣಕೈಯವರೆಗೆ ಕೈ ಹಾಕಿಕೊಂಡು ನಿಂತಿದ್ದಳು. "ಆಪ್ ಚಲೋ ಭಯ್ಯಾ, ಆಜ್ ಯೇ ನಹೀಂ ಆಯೇಗೀ," ಇವತ್ತು ಇವಳು ಬರೋದಿಲ್ಲ ಎಂದು ಅವನನ್ನು ಕಳಿಸಿ, ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡೆ.